ಒಂದು ದಿನಕ್ಕೆ ಒಂದೇ ಪದ

ಮಾರ್ಚ್ 2, ಸೋಮವಾರ

ಕೈಯ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದ ಕೈ ನನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಸಿಪ್ಪೆ ಸುಲಿದ ಕೋಲಿನ ಹಾಗಿತ್ತು. ಡಾಕ್ಟರು, "ದಿನಾ ಏನಾದ್ರೂ ಬರೀರಿ ಅಜ್ಜಿ, ಬೆರಳು ಬಗ್ಗುತ್ತೆ" ಎಂದರು.

"ನನ್ನನ್ನ ಬಗ್ಗಿಸೋಕೆ ನಮ್ಮತ್ತೆಗೇ ಆಗ್ಲಿಲ್ಲ, ನಿಮ್ಮ ಪೆನ್ನಿಗೆ ಆಗುತ್ತಾ?" ಎಂದೆ. ಅವರು ನಗಲಿಲ್ಲ. ಹೆಚ್ಚು ಓದಿದವರಿಗೆ ನಗು ತಡವಾಗಿ ಬರುತ್ತದೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಮೂರನೇ ತರಗತಿಯವರೆಗೆ. ಮೊಮ್ಮಗಳು ತನ್ನ ಆಫೀಸಿನ ಹೋದ ವರ್ಷದ ಡೈರಿ ತಂದುಕೊಟ್ಟಳು. ವಾರಗಳು ಕೂಡುವುದಿಲ್ಲ, ಹೊಡೆದುಹಾಕಿ ನಾನೇ ಬರೆಯುತ್ತಿದ್ದೇನೆ. ಇವಳನ್ನು ನಾನು ಕರೆಯುವುದು ಮೆಣಸು ಎಂದು. ಹುಟ್ಟಿದಾಗ ಅಷ್ಟೇ ಇದ್ದಳು, ಖಾರವೂ ಅಷ್ಟೇ. ಈಗ ಇಪ್ಪತ್ತೆಂಟು. ಮದುವೆಯ ಮಾತೆತ್ತಿದರೆ, "ಮೂವತ್ತನೇ ತಾರೀಖು ಕಳೀಲಿ ಅಜ್ಜಿ" ಎನ್ನುತ್ತಾಳೆ. ಅವತ್ತು ವಿದ್ಯುತ್ ಇಲಾಖೆಯ ದೊಡ್ಡವರೆಲ್ಲ ಬಂದು ಇವಳು ಕಟ್ಟಿದ ಯಂತ್ರದ ಪೆಟ್ಟಿಗೆಯನ್ನು ಪರೀಕ್ಷೆ ಮಾಡುತ್ತಾರಂತೆ. ಪಾಸಾದರೆ ಎಲ್ಲ ಸಬ್‌ಸ್ಟೇಷನ್ನುಗಳಿಗೂ ಅದೇ ಪೆಟ್ಟಿಗೆ. ಫೇಲಾದರೆ ಪ್ರಯೋಗಶಾಲೆಯ ಬಾಗಿಲು ಮುಚ್ಚಿ ಎಲ್ಲರೂ ಮನೆಗೆ. ಏಳು ವರ್ಷದ ಕೆಲಸ ಒಂದು ಮಧ್ಯಾಹ್ನಕ್ಕೆ ನೇತುಬಿದ್ದಿದೆ.

ಏನು ಕೆಲಸವೋ ನನಗೆ ತಿಳಿಯದು. ಕರೆಂಟಿಗೆ ಬೀಗ ಹಾಕುತ್ತಾಳೆ ಎಂದು ಅಕ್ಕಪಕ್ಕದವರಿಗೆ ಹೇಳಿದ್ದೇನೆ.

ಸೊಸೆಗೆ ಕಂಡವರ ಕಾಗದ ಇಣುಕುವ ಚಾಳಿ. ಆಸ್ಪತ್ರೆಯಲ್ಲಿ ನರ್ಸು, ದಿನವಿಡೀ ಬೇರೆಯವರ ಚೀಟಿ ಓದಿ ಅಭ್ಯಾಸ. ಅದಕ್ಕೇ ನನ್ನ ತಲೆಯ ಒಂದು ಬಿಳಿ ಕೂದಲನ್ನು ಕಿತ್ತು ಈ ಹಾಳೆಗಳ ನಡುವೆ ಅಡ್ಡ ಇಟ್ಟು ಮುಚ್ಚುತ್ತೇನೆ. ಪುಸ್ತಕ ತೆರೆದರೆ ಕೂದಲು ಬೀಳುತ್ತದೆ. ಬಿದ್ದದ್ದು ಅವಳಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ.

ಮಾರ್ಚ್ 3, ಮಂಗಳವಾರ

ಬರೆದದ್ದಕ್ಕೆ ಮಣಿಕಟ್ಟು ಊದಿದೆ. ಆದರೂ ಇವತ್ತಿನದು ಬರೆಯದೆ ಇರಲಾರೆ.

ಮೆಣಸು ಊಟದ ಮೇಜಿನ ಮೇಲೆ ಗಾಜಿನ ದಾರದ ಒಂದು ಸುರುಳಿ ಇಟ್ಟಿದ್ದಳು. ಫೈಬರ್ ಅಂತೆ. ಒಂದು ತುದಿಗೆ ಟಾರ್ಚು ಹಿಡಿದಳು, ಇನ್ನೊಂದು ತುದಿಯಲ್ಲಿ ಚುಕ್ಕಿಯಷ್ಟು ಬೆಳಕು ಬಂತು.

"ಇಷ್ಟಕ್ಕೆ ಏಳು ವರ್ಷ ಬೇಕಾಯ್ತಾ?" ಎಂದೆ.

"ಅಜ್ಜೀ, ಈಗ ಸಬ್‌ಸ್ಟೇಷನ್ನಲ್ಲಿ ಸ್ವಿಚ್ ಹಾಕೋರು ಮನುಷ್ಯರಲ್ಲ. ದೂರದಲ್ಲಿರೋ ಕಂಪ್ಯೂಟರ್ 'ಹಾಕು' ಅಂದ್ರೆ ಹಾಕುತ್ತೆ, 'ತೆಗಿ' ಅಂದ್ರೆ ತೆಗೆಯುತ್ತೆ. ಆ ಮಾತಿನ ಮಧ್ಯೆ ಕಳ್ಳ ಸೇರ್ಕೊಂಡು 'ಹಾಕು' ಅಂದ್ರೆ?"

ನಾನು ಸುರುಳಿಯ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತೆ.

"ಅದಕ್ಕೇ ಎರಡೂ ಕಡೆಯವರ ಹತ್ರ ಒಂದು ಗುಟ್ಟಿನ ಕೀಲಿ ಇರಬೇಕು. ಆ ಕೀಲಿ ಇದ್ರೇನೇ ಮಾತು ನಂಬೋದು. ಕೀಲೀನ ಬೆಳಕಿನ ಒಂದೊಂದೇ ಕಣದಲ್ಲಿ ಕಳಿಸ್ತೀವಿ. ಒಂದೊಂದೇ! ದಾರೀಲಿ ಯಾರಾದ್ರೂ ಅದನ್ನ ನೋಡಿದ್ರೆ ಸಾಕು, ಅದು ಬದಲಾಗ್ಬಿಡುತ್ತೆ. ನೋಡಿದಾರೆ ಅಂತ ನಮಗೆ ಗೊತ್ತಾಗುತ್ತೆ. ಕ್ವಾಂಟಮ್ ಅಂದ್ರೆ ಅದೇ."

ಯೋಚಿಸಿದೆ. "ಮಗು ಮಲಗಿದೆಯೋ ಇಲ್ವೋ ಅಂತ ತೊಟ್ಟಿಲು ಇಣುಕಿದ್ರೆ ಎದ್ದುಬಿಡುತ್ತಲ್ಲ, ಹಾಗಾ?"

ಹುಡುಗಿ ಟಾರ್ಚು ಕೆಳಗಿಟ್ಟು ನನ್ನನ್ನೇ ನೋಡಿದಳು. "ಇದನ್ನ ನಮ್ಮ ಲ್ಯಾಬಿನ ಮೇಷ್ಟ್ರಿಗೆ ಹೇಳ್ತೀನಿ. ಅವರು ನಲವತ್ತು ಪುಟ ಬರೆದಿದಾರೆ."

"ಹೇಳು. ಪಾಪ, ಇನ್ನೊಂದ್ಸಲ ಅಷ್ಟು ಬರೀದೆ ಇರ್ಲಿ."

ಮಾರ್ಚ್ 5, ಗುರುವಾರ

ಬೆರಳು ನೋವು. ಮೆಣಸು ಕೇಳಿದಳು, "ತಾತನ ಕಾಲದಲ್ಲಿ ಲೈನ್‌ಮನ್ನುಗಳು ಕಂಬ ಹತ್ತುವಾಗ ಏನ್ ಮಾಡ್ತಿದ್ರು ಅಜ್ಜಿ? ಕರೆಂಟು ಬರಲ್ಲ ಅಂತ ಹೇಗೆ ನಂಬ್ತಿದ್ರು?"

ಗೊತ್ತಿಲ್ಲ ಎಂದೆ. ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಮಾರ್ಚ್ 9, ಸೋಮವಾರ

ಪೆಟ್ಟಿಗೆಗೆ ಕಾಯಿಲೆ. ದಿನಾ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಕಣ್ಣು ಮುಚ್ಚುತ್ತದಂತೆ. ನೂರಕ್ಕೆ ಎರಡು ಮೂರು ತಪ್ಪು ಬರುವುದು ಸಹಜ. ಹನ್ನೊಂದು ದಾಟಿದರೆ ಯಾರೋ ಇಣುಕಿದ್ದಾರೆ ಎಂದು ತಿಳಿದು ಅದು ಹೊಸ ಕೀಲಿ ಮಾಡುವುದನ್ನು ನಿಲ್ಲಿಸಿಬಿಡುತ್ತದೆ. ನಾಲ್ಕು ದಿನ ಹುಡುಕಿದರೂ ಕಳ್ಳ ಸಿಗಲಿಲ್ಲ. ಮೆಣಸಿನ ಕಣ್ಣ ಕೆಳಗೆ ಕಪ್ಪು ಬಂದಿದೆ.

"ಪೆಟ್ಟಿಗೆ ಯಾವ ಗೋಡೇಲಿದೆ?" ಎಂದೆ.

"ಸಬ್‌ಸ್ಟೇಷನ್ ಹೊರಗಿನ ಗೋಡೆ."

"ಪಶ್ಚಿಮಕ್ಕಾ?"

ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೂತುಬಿಟ್ಟಳು. "ಬಿಸಿಲು," ಎಂದಳು ತನಗೆ ತಾನೇ. "ಬಿಸಿಲಿಗೆ ಅಳತೆ ತಪ್ತಾ ಇದೆ."

"ಎರಡು ಗಂಟೆಗೆ ನನಗೂ ಕಣ್ಣು ಮುಚ್ಚುತ್ತೆ. ಅದಕ್ಕೆ ಕಳ್ಳ ಬೇಕಾಗಿಲ್ಲ."

ಸೊಸೆ ನಕ್ಕು ನಕ್ಕು ಕೆಮ್ಮಿದಳು. ಬಿಸಿಲೋ ಕಳ್ಳನೋ ಪೆಟ್ಟಿಗೆಗೆ ತಿಳಿಯುವುದಿಲ್ಲವಂತೆ. ತಿಳಿಯದಿದ್ದರೆ ಕಳ್ಳನೇ ಎಂದುಕೊಳ್ಳುತ್ತದಂತೆ. ಒಳ್ಳೆಯ ಸ್ವಭಾವ. ನನ್ನದೂ ಅದೇ.

ಮಾರ್ಚ್ 13, ಶುಕ್ರವಾರ

ನೆರಳಿಗೆ ತಗಡು ಹೊದಿಸಿದರು, ಬೂದುಬಣ್ಣದ ದಪ್ಪ ಕವಚ ಕಟ್ಟಿದರು. ಒಂದು ಗಂಟೆ ನಿಲ್ಲುತ್ತಿದ್ದದ್ದು ಈಗ ಹತ್ತು ಹದಿನೈದು ನಿಮಿಷ ನಿಲ್ಲುತ್ತದೆ. ಮೇಷ್ಟ್ರು ನನಗೆ ವಂದನೆ ಹೇಳಿ ಕಳಿಸಿದರಂತೆ. ಇದನ್ನು ಎದುರು ಮನೆಯ ದರ್ಜಿಯ ಹೆಂಡತಿಗೆ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ ಎಂದು ಇನ್ನೊಂದು ಸಲ ಹೇಳಿದೆ. ಅವಳ ಗಂಡ ಬಂದಾಗ ಅವನಿಗೂ ಹೇಳಿದೆ.

ಆದರೆ ಆ ಹತ್ತು ಹದಿನೈದು ನಿಮಿಷವೇ ಈಗ ಎಲ್ಲರ ತಲೆನೋವು. ಸ್ವಿಚ್ಚಿಗೆ ಕೊಡುವ ಒಂದೊಂದು ಆಜ್ಞೆಗೂ ಒಂದೊಂದು ಹೊಸ ಕೀಲಿ ಬೇಕು. ಒಮ್ಮೆ ಬಳಸಿದ್ದನ್ನು ಎಸೆಯಬೇಕು. ಪೆಟ್ಟಿಗೆ ನಿಂತಾಗ ಕೂಡಿಟ್ಟ ಕೀಲಿಗಳಲ್ಲಿ ನಡೆಸಬೇಕು. ಅವೂ ಮುಗಿದರೆ?

"ಮುಗಿದ್ರೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಅದೇ ಮೇಷ್ಟ್ರು ಯೋಚನೆ ಮಾಡ್ತಿದಾರೆ" ಎಂದಳು.

ಮಾರ್ಚ್ 17, ಮಂಗಳವಾರ

ಮೇಷ್ಟ್ರು ಯೋಚನೆ ಮಾಡಿ ಮುಗಿಸಿದ್ದಾರೆ. ಹೊಸ ಕೀಲಿ ಬರುವವರೆಗೆ ಹಳೆಯ ಕೀಲಿಯನ್ನೇ ಮತ್ತೆ ಬಳಸುವುದಂತೆ.

"ಹತ್ತು ನಿಮಿಷ ತಾನೇ ಅಜ್ಜಿ. ಯಾರಿಗೂ ಗೊತ್ತಾಗಲ್ಲ. ದೊಡ್ಡವರ ಮುಂದೆ ನಿಂತುಹೋಗೋದಕ್ಕಿಂತ ವಾಸಿ" ಎಂದಳು ಮೆಣಸು, ರೊಟ್ಟಿ ಮುರಿಯುತ್ತಾ.

ನಾನು ಊಟ ಬಿಟ್ಟು ಎದ್ದೆ.

"ಏನಾಯ್ತು ಅತ್ತೆ? ಉಪ್ಪು ಜಾಸ್ತಿನಾ?" ಎಂದಳು ಸೊಸೆ.

"ನಿನ್ನ ಕೈಯಲ್ಲಿ ಉಪ್ಪು ಯಾವಾಗ ಸರಿಯಾಗಿತ್ತು?" ಎಂದೆ. ಸಾರು ಚೆನ್ನಾಗಿತ್ತು.

ಮಾರ್ಚ್ 18, ಬುಧವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 20, ಶುಕ್ರವಾರ

ಬರೆಯಲು ಇದೆ. ಮೂವತ್ತೊಂದು ವರ್ಷದಿಂದ ಇದೆ. ಮಗನಿಗೆ ಹೇಳಿಲ್ಲ; ಅವನು ರೈಲು ಓಡಿಸುತ್ತಾನೆ, ವಾರಕ್ಕೆ ಎರಡು ದಿನ ಮನೆ, ಆ ಎರಡು ದಿನವೂ ನಿದ್ದೆ. ಸೊಸೆ ಆಮೇಲೆ ಬಂದವಳು. ಮೆಣಸು ಹುಟ್ಟಿರಲಿಲ್ಲ. ಇಲ್ಲಿ ಬರೆದರೆ ಕೈಗೆ ವ್ಯಾಯಾಮವಾದರೂ ಆಗುತ್ತದೆ.

ನಮ್ಮ ಯಜಮಾನರು ಲೈನ್‌ಮನ್. ಅವರು ಬೆಳಿಗ್ಗೆ ಸಬ್‌ಸ್ಟೇಷನ್ನಿಗೆ ಹೋಗಿ ಆಪರೇಟರಿಗೆ ಒಂದು ಪದ ಚೀಟಿಯಲ್ಲಿ ಬರೆದು ಕೊಡಬೇಕು. ಆಪರೇಟರ್ ಲೈನ್ ಬಂದ್ ಮಾಡುತ್ತಾನೆ. ಇವರು ಹಳ್ಳಿಗೆ ಹೋಗಿ ಕಂಬ ಹತ್ತಿ ಕೆಲಸ ಮುಗಿಸಿ, ಇಳಿದು, ಟೆಲಿಫೋನ್ ಮಾಡಿ ಆ ಪದ ಹೇಳಬೇಕು. ಪದ ಕೇಳದೆ ಅವನು ಸ್ವಿಚ್ ಹಾಕುವಂತಿಲ್ಲ. ಅವರಿಬ್ಬರೇ ಮಾಡಿಕೊಂಡ ಪದ್ಧತಿ ಇದು, ಇಲಾಖೆಯ ಪುಸ್ತಕದಲ್ಲಿ ಇರಲಿಲ್ಲ. ಒಂದು ದಿನಕ್ಕೆ ಒಂದೇ ಪದ. ಸಂಜೆಗೆ ಅದು ಸತ್ತಂತೆ.

ಆ ಪದ ಕೊಡುತ್ತಿದ್ದವಳು ನಾನು. ಅವರಿಗೆ ಹೊಳೆಯುತ್ತಿದ್ದದ್ದು ಬರೀ ಹೂವಿನ ಹೆಸರು, ಹಣ್ಣಿನ ಹೆಸರು. ಯಾರು ಬೇಕಾದರೂ ಊಹಿಸಬಹುದು. ನಾನು ಕೊಡುತ್ತಿದ್ದದ್ದು ಹರಿದ ಜರಡಿ. ಕುಂಟ ಬಾತುಕೋಳಿ. ಅತ್ತೆಯ ಗೊರಕೆ. ಹನ್ನೊಂದು ವರ್ಷ ದಿನಾ ಒಂದು, ಒಂದನ್ನೂ ಎರಡು ಸಲ ಕೊಟ್ಟವಳಲ್ಲ. ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ "ಇವತ್ತಿನದು?" ಎನ್ನುವರು. ನಾನು ಕಿವಿಯಲ್ಲಿ ಹೇಳುವೆ. ಮನೆಯೊಳಗೆ ನಮ್ಮಿಬ್ಬರದೇ ಎಂದು ಇದ್ದದ್ದು ಅದೊಂದು.

ಅವತ್ತಿನ ಹಿಂದಿನ ದಿನ ನಾದಿನಿ ಬಂದಿದ್ದಳು. ಅವಳ ಮುಂದೆ ಇವರು, "ಇವಳ ಪದ ಕೇಳಿ ಆಪರೇಟರ್ ಹೊಟ್ಟೆ ಹಿಡ್ಕೊಂಡು ನಗ್ತಾನೆ" ಎಂದರು. ಮೆಚ್ಚಿ ಹೇಳಿದ್ದೋ ಏನೋ. ನಾದಿನಿ ನಕ್ಕ ರೀತಿ ನನಗೆ ಹಿಡಿಸಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ "ಇವತ್ತಿನದು?" ಎಂದಾಗ ನಾನು ಪಾತ್ರೆ ತಿಕ್ಕುತ್ತಲೇ, "ನಗಿಸೋ ಪದ ಮುಗಿದಿದೆ. ನಿನ್ನೇದೇ ಇಟ್ಕೊಳ್ಳಿ" ಎಂದೆ.

ನಿನ್ನೆಯದು ಕಿವುಡ ಗಡಿಯಾರ.

ಆ ಹಳ್ಳಿಯಲ್ಲಿ ಟೆಲಿಫೋನ್ ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಹಿಂದಿನ ದಿನ ಇವರು ಅಲ್ಲಿಂದಲೇ ಪದ ಹೇಳಿದ್ದನ್ನು ಗಿರಣಿಯವನು ಕೇಳಿದ್ದ. ಅವತ್ತು ಕರೆಂಟಿಲ್ಲದೆ ಗಿರಣಿಯ ಮುಂದೆ ಜನ ಸಾಲು ನಿಂತಿದ್ದರು. ಇವರು ಒಂದು ಕಂಬದಿಂದ ಇಳಿದದ್ದನ್ನು ಅವನು ಕಂಡ. ಮರದ ಹಿಂದಿನ ಇನ್ನೊಂದು ಕಂಬ ಹತ್ತಿದ್ದನ್ನು ಕಾಣಲಿಲ್ಲ. ಕೆಲಸ ಮುಗಿಯಿತೆಂದು ತಾನೇ ಫೋನ್ ಮಾಡಿದ. ಆಪರೇಟರ್ ನಿಯಮದಂತೆ "ಪದ?" ಎಂದ. ಇವನು ನಿನ್ನೆ ಕೇಳಿದ್ದನ್ನು ಹೇಳಿದ. ಹೊಸ ಪದ ಇದ್ದಿದ್ದರೆ ಆಪರೇಟರ್, "ಅದು ನಿನ್ನೇದಯ್ಯ" ಎಂದು ಬೈದು ಫೋನ್ ಇಡುತ್ತಿದ್ದ.

ಬಲಗೈ ಹೋಯಿತು. ಭುಜದಿಂದ ಕೆಳಗೆ.

ವಿಚಾರಣೆಗೆ ಬಂದವರ ಮುಂದೆ ಅವರು, "ಹೊಸ ಪದ ಇಡೋದು ನಾನೇ ಮರೆತೆ" ಎಂದು ಹೇಳಿ ಸಹಿ ಹಾಕಿದರು. ಎಡಗೈಯಲ್ಲಿ. ನಾನು ಪಕ್ಕದಲ್ಲೇ ನಿಂತಿದ್ದೆ. ಮತ್ತೆ ಇಪ್ಪತ್ತೆರಡು ವರ್ಷ ಬದುಕಿದರು, ಒಂದು ದಿನವೂ ಎತ್ತಿ ಆಡಲಿಲ್ಲ. ಆಮೇಲೆ ಉಗ್ರಾಣದಲ್ಲಿ ಕೆಲಸ ಕೊಟ್ಟರು. ಕಂಬವಿಲ್ಲ, ಪದ ಬೇಕಿಲ್ಲ. ಮೆಣಸು ಸಣ್ಣವಳಿದ್ದಾಗ "ಕೈ ಎಲ್ಲಿ ತಾತ?" ಎಂದರೆ, "ಕಂಬದ ಮೇಲೆ ಮರೆತು ಬಂದೆ ಕಣೇ" ಎನ್ನುವರು. ಅವಳು ದಾರಿಯಲ್ಲಿ ಕಂಡ ಕಂಬವನ್ನೆಲ್ಲ ಕತ್ತೆತ್ತಿ ನೋಡುತ್ತಿದ್ದಳು.

ಗಿರಣಿಯವನನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಅವನ ಹೆಸರು ಹಿಡಿದು ಬೈಯುವಾಗ ಯಾರನ್ನು ಬೈಯುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಅವರಿಗೆ ಎರಡೂ ಕೈ ಇರುವ ಫೋಟೋ ಒಂದೇ ಒಂದು ಇದೆ. ಟ್ರಂಕಿನ ತಳದಲ್ಲಿ, ಹಳೇ ಕಂಬಳಿಯ ಕೆಳಗೆ. ತೆಗೆದು ನೋಡಿಲ್ಲ.

ಹತ್ತು ನಿಮಿಷ ತಾನೇ ಅಂತೆ.

ಮಾರ್ಚ್ 21, ಶನಿವಾರ

ಕೂದಲು ಇರಲಿಲ್ಲ. ನೆಲದ ಮೇಲೆ ಬಿದ್ದಿತ್ತು.

ಸೊಸೆಯನ್ನು ಹಿಡಿದು ಝಾಡಿಸಬೇಕೆಂದು ಹೋದೆ. ಅವಳು ಅದಕ್ಕೆ ಮೊದಲೇ ಚಹಾ ತಂದಿಟ್ಟಳು. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ತಂದಳು. ಆಮೇಲೆ ಕೇಳದೆಯೇ ನನ್ನ ಕೈಯನ್ನು ಮಡಿಲಿಗೆ ಹಾಕಿಕೊಂಡು ಎಣ್ಣೆ ತಿಕ್ಕತೊಡಗಿದಳು. ಆಸ್ಪತ್ರೆಯಲ್ಲಿ ಬಡ್ತಿ ಏನಾದರೂ ಸಿಕ್ಕಿತೋ ಏನೋ. ಬೈಯಲು ಸಂದಿಯೇ ಸಿಗಲಿಲ್ಲ.

ಮಧ್ಯಾಹ್ನ ಎದ್ದು ನೋಡಿದರೆ ಹಜಾರದ ಗೋಡೆಯಲ್ಲಿ ಅವರ ಫೋಟೋ. ಎರಡೂ ಕೈ ಕಟ್ಟಿಕೊಂಡು ನಿಂತಿದ್ದಾರೆ.

"ಯಾರ ಅಪ್ಪಣೆ ಕೇಳಿ ಹಾಕಿದೆ?" ಎಂದೆ.

"ಗೋಡೆ ಖಾಲಿ ಇತ್ತು ಅತ್ತೆ" ಎಂದಳು. ಅವಳ ಕಣ್ಣು ಕೆಂಪಗಿತ್ತು. ಪಾಳಿ ಮುಗಿಸಿ ಬಂದವಳು, ನಿದ್ದೆಗೆಟ್ಟಿರಬೇಕು.

ಮೊಳೆ ಸೊಟ್ಟ ಹೊಡೆದಿದ್ದಾಳೆ. ನಾನೇ ಸರಿ ಮಾಡಿದೆ.

ಮಾರ್ಚ್ 22, ಭಾನುವಾರ

ಮೆಣಸಿಗೆ ಹೇಳಿದೆ. ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಾಡುತ್ತಲೇ ಕೇಳಲಿ ಎಂದು ಆ ಹೊತ್ತನ್ನೇ ಆರಿಸಿದೆ. ಎದುರಿಗೆ ಕೂತು ನೋಡಿದರೆ ನನಗೆ ಬಾಯಿ ಬರುತ್ತಿರಲಿಲ್ಲ. ಗಿರಣಿಯವರೆಗೆ ಹೇಳುವಾಗ ಅವಳ ಕೈ ನಿಂತಿತು. ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ಉಳಿಯಿತು.

ಅಳುತ್ತಾಳೆ ಎಂದುಕೊಂಡೆ. ಇಲ್ಲ. ಕೇಳಿದ್ದು ಇಷ್ಟು: "ಆಪರೇಟರ್ ಪದ ಕೇಳಿದ್ನಾ?"

"ಕೇಳ್ದ."

"ಸರಿಯಾದ ಪದ ಬಂತಾ?"

"ಬಂತು."

"ಹಾಗಾದ್ರೆ ಬೀಗದಲ್ಲಿ ತಪ್ಪಿಲ್ಲ ಅಜ್ಜಿ. ಕೀಲಿ ಎರಡನೇ ಸಲ ಬಳಸಿದ್ದು ಮಾತ್ರ ತಪ್ಪು." ನನ್ನ ಕಡೆ ತಿರುಗಿ, "ನಾವು ಮಾಡೋಕೆ ಹೊರಟಿರೋದೂ ಅದೇ" ಎಂದಳು.

ಆಮೇಲೆ ಬಂದು ನನ್ನ ಪಕ್ಕ ಕೂತು ಹೆಗಲಿಗೆ ತಲೆಯಿಟ್ಟಳು. "ಹನ್ನೊಂದು ವರ್ಷ, ದಿನಾ ಒಂದು ಪದ, ಒಂದೂ ಎರಡು ಸಲ ಇಲ್ಲ. ನಮ್ಮ ಮೆಷಿನ್ನು ಹನ್ನೊಂದು ದಿನಾನೂ ನಿಲ್ಲದೆ ನಡೆದಿಲ್ಲ."

ಆ ಕೊನೆಯ ಒಂದರ ಮಾತು ಅವಳು ಆಡಲಿಲ್ಲ. ನಾನು ಆಡಲು ಹೋದೆ. ಬಾಯಿಗೆ ಕೈ ಅಡ್ಡ ಹಿಡಿದಳು. ಅಂಗಿಯ ತೋಳು ಸುಟ್ಟ ವಾಸನೆ ಬರುತ್ತಿತ್ತು, ಯಾರೂ ಏಳಲಿಲ್ಲ.

ಮಾರ್ಚ್ 24, ಮಂಗಳವಾರ

ಪ್ರಯೋಗಶಾಲೆಗೆ ಹೋಗಿಬಂದೆ. ಮೆಣಸು ಮೇಷ್ಟ್ರ ಜೊತೆ ಎರಡು ದಿನ ಜಗಳವಾಡಿ ಸೋತು, ನನ್ನನ್ನು ಕರೆದುಕೊಂಡು ಹೋದಳು.

ಕೋಣೆ ತಣ್ಣಗೆ ಕೊರೆಯುತ್ತಿತ್ತು. ಕಪಾಟಿನಂಥ ಎರಡು ಪೆಟ್ಟಿಗೆ ಗುಂಯ್‌ಗುಡುತ್ತಿದ್ದವು. ನಡುವೆ ಹಳದಿ ದಾರ. ಇಷ್ಟು ದೊಡ್ಡ ವಿದ್ಯೆ ಇರುವ ಕಡೆ ಒಂದು ಕುರ್ಚಿಯ ಕಾಲು ಮುರಿದು, ಅದರ ಕೆಳಗೆ ಪುಸ್ತಕ ಇಟ್ಟಿದ್ದರು. ಮೇಷ್ಟ್ರು ಉದ್ದಕ್ಕಿದ್ದಾರೆ, ಕಿವಿಯ ಸಂದಿಯಲ್ಲಿ ಪೆನ್ನು.

"ನಮಸ್ಕಾರ ಅಮ್ಮ. ಮನೆ ಹಿರಿಯರನ್ನೇ ಕರ್ಕೊಂಡು ಬಂದಿದಾಳೆ ಅಂದ್ರೆ ಜಗಳ ಜೋರಾಗೇ ಇದೆ."

"ಜಗಳ ಅವಳದು. ಗಟ್ಟಿ ಕುರ್ಚಿ ಇದ್ರೆ ನಾನು ಸುಮ್ನೆ ಕೂತ್ಕೋತೀನಿ."

ತಮ್ಮದನ್ನೇ ಬಿಟ್ಟುಕೊಟ್ಟರು. ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಜಗಳ ಕಷ್ಟ.

"ನೋಡಿ ಅಮ್ಮ, ಅವತ್ತು ಎಲ್ಲರ ಮುಂದೆ ನಿಂತುಹೋದ್ರೆ ಕೆಲಸಕ್ಕೆ ಬಾರದ್ದು ಅಂತ ಬರೆದುಹಾಕ್ತಾರೆ. ಏಳು ವರ್ಷ. ಇಲ್ಲಿರೋ ಒಂಬತ್ತು ಜನರ ಅನ್ನ."

"ಹಳೇ ಕೀಲಿ ಹಾಕಿ ಓಡಿಸಿದ್ರೆ ಏನಂತಾರೆ?"

"ಚೆನ್ನಾಗಿ ನಡೀತು ಅಂತಾರೆ."

"ನಮ್ಮ ಮನೆಯವರದ್ದೂ ಅವತ್ತು ಎಲ್ಲ ಚೆನ್ನಾಗೇ ನಡೀತು ಮೇಷ್ಟ್ರೇ. ಆಪರೇಟರ್ ಪದ ಕೇಳ್ದ, ಪದ ಬಂತು, ಸ್ವಿಚ್ ಹಾಕ್ದ. ಎಲ್ಲೂ ನಿಲ್ಲಲಿಲ್ಲ."

ಮಿಕ್ಕದ್ದನ್ನೂ ಹೇಳಿದೆ. ಹೊರಗಿನವರ ಮುಂದೆ ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ಮೇಷ್ಟ್ರು ಕಿವಿಯಿಂದ ಪೆನ್ನು ತೆಗೆದು ಅದನ್ನೇ ನೋಡುತ್ತಾ ನಿಂತರು.

"ನಿಂತ ಮೆಷಿನ್ನು ಆಮೇಲೆ ಶುರುವಾಗುತ್ತೆ," ಎಂದೆ. "ಕಂಬದ ಮೇಲಿರೋನು ಶುರುವಾಗಲ್ಲ."

ಅವರು ಪೆನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿ ಮೆಣಸಿನ ಕಡೆ ತಿರುಗಿ, "ಹಳೇ ಕೀಲಿಯ ಆ ಸಾಲು ತೆಗೆದುಬಿಡು" ಎಂದರು. ಇವಳು ಕಂಪ್ಯೂಟರಿನಲ್ಲಿ ಏನೋ ಕುಟ್ಟಿದಳು. ಮುಗಿಯಿತು. ಅಷ್ಟು ಜಗಳ, ಒಂದೇ ಸಾಲಂತೆ.

ಮಾರ್ಚ್ 29, ಭಾನುವಾರ

ನಾಳೆ. ಪರೀಕ್ಷೆ ಇಟ್ಟದ್ದು ಮಧ್ಯಾಹ್ನ ಎರಡು ಗಂಟೆಗೆ! ಬೇರೆ ಹೊತ್ತು ಇರಲಿಲ್ಲವೇ ಎಂದರೆ ದೊಡ್ಡವರ ಊಟ ಆಗಬೇಕಂತೆ.

ಬಿಸಿಲು ಹೆಚ್ಚಿದೆ. ನಮ್ಮ ಪೆಟ್ಟಿಗೆ ನಿಂತರೆ ಅದಕ್ಕೆ ನಾನು ಕಾರಣ. ನಿಲ್ಲದಿದ್ದರೆ ಮೆಣಸು ಕಾರಣ. ಹಾಗೆಂದು ನನ್ನೊಳಗೇ ಒಪ್ಪಂದ ಮಾಡಿಕೊಂಡಿದ್ದೇನೆ.

ಮಾರ್ಚ್ 30, ಸೋಮವಾರ

ಕೈ ನೋಯುತ್ತಿಲ್ಲ. ಎಲ್ಲವನ್ನೂ ಬರೆಯುತ್ತೇನೆ.

ಕೊರಳಿಗೆ ನೇತುಹಾಕುವ ಒಂದು ಚೀಟಿ ಕೊಟ್ಟರು. ಅದರ ಮೇಲೆ 'ಸಲಹೆಗಾರರು' ಎಂದು ಅಚ್ಚಾಗಿತ್ತು. ಸೊಸೆ ರಜೆ ಹಾಕಿ ಬಂದಿದ್ದಳು. "ಅತ್ತೆ, ಮನೇಲಿ ಇಷ್ಟು ವರ್ಷ ಚೀಟಿ ಇಲ್ದೇನೇ ಸಲಹೆ ಕೊಟ್ರಲ್ಲ" ಎಂದಳು. ಹಲ್ಲು ಕಾಣದ ಹಾಗೆ ನಕ್ಕೆ.

ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಒಂದು ಕಂಬ. ಅದರ ತುದಿಗೆ ಒಬ್ಬ ಲೈನ್‌ಮನ್ ದೊಡ್ಡ ಬಲ್ಬು ಕಟ್ಟಿ ಇಳಿದ. ದೂರದ ನಿಯಂತ್ರಣ ಕೇಂದ್ರದಿಂದ 'ಹಾಕು' ಎಂದರೆ ಬಲ್ಬು ಉರಿಯಬೇಕು, 'ತೆಗಿ' ಎಂದರೆ ಆರಬೇಕು. ಕಿಟಕಿಯಿಂದ ಬಲ್ಬು ಕಾಣುತ್ತಿತ್ತು. ದೊಡ್ಡವರು ಆರು ಜನ ಸಾಲಾಗಿ ಕೂತಿದ್ದರು. ತಪಾಸಣೆಗೆಂದು ಹೊರಗಿನಿಂದ ಒಬ್ಬ ಹೆಂಗಸನ್ನು ಕರೆಸಿದ್ದರಂತೆ. ಆಕೆಯ ಕುರ್ಚಿ ಮಾತ್ರ ಖಾಲಿ ಇತ್ತು.

ಮೊದಲು ಎಲ್ಲ ಸುಸೂತ್ರ. ಹಾಕು, ತೆಗಿ, ಹಾಕು, ತೆಗಿ. ಪರದೆಯ ಮೇಲೆ ತಪ್ಪಿನ ಅಂಕಿ ಎರಡು, ಮೂರು, ಎರಡು. ದೊಡ್ಡವರಲ್ಲಿ ಒಬ್ಬರು ಆಕಳಿಸಿದರು.

ಆಮೇಲೆ ಮೇಷ್ಟ್ರು, "ಈಗ ಕಂಬದ ಮೇಲೆ ಮನುಷ್ಯ ಇದಾನೆ ಅಂತ ಇಟ್ಕೊಳ್ಳಿ. ಲೈನ್ ಬಂದ್" ಎಂದರು. ಬಲ್ಬು ಆರಿತು. ಆ ಕ್ಷಣಕ್ಕೇ ಅಂಕಿ ಏರಿತು. ಒಂಬತ್ತು. ಹದಿನಾರು. ಇಪ್ಪತ್ತನಾಲ್ಕು. ಪರದೆ ಕೆಂಪಾಯಿತು. ತಪ್ಪು ಇಷ್ಟು ಏರಿದರೆ ಕೂಡಿಟ್ಟ ಕೀಲಿಗಳನ್ನೂ ನಂಬುವಂತಿಲ್ಲ ಎಂದು ಪೆಟ್ಟಿಗೆ ಎಲ್ಲವನ್ನೂ ಎಸೆದು ಕೂತಿತು.

ಮಧ್ಯದಲ್ಲಿ ಕೂತಿದ್ದ ದಪ್ಪ ಸಾಹೇಬರು, "ಸರಿ, ಮನುಷ್ಯ ಇಳಿದ. ಲೈನ್ ಹಾಕಿ" ಎಂದರು.

ಮೆಣಸು ಎದ್ದು ನಿಂತಳು. "ಆಗಲ್ಲ ಸರ್."

"ಯಾಕೆ?"

"ಹೊಸ ಕೀಲಿ ಇಲ್ಲ. ಕೀಲಿ ಇಲ್ದೆ ಹಾಕಲ್ಲ."

"ಎಷ್ಟು ಹೊತ್ತು?"

"ಗೊತ್ತಿಲ್ಲ ಸರ್."

ಅವಳ ದನಿ ನಡುಗಲಿಲ್ಲ. ಬೆನ್ನ ಹಿಂದೆ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಹಿಂದೆ ಕೂತಿದ್ದ ನನಗೆ ಮಾತ್ರ ಕಾಣುತ್ತಿತ್ತು. ಸಾಹೇಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಕಾಗದದಲ್ಲಿ ಏನೋ ಗೀಚಿದರು. ಐದು ನಿಮಿಷ. ಎಂಟು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ, ಅದಕ್ಕೆ ಅವರಿಗೆ ಪುಣ್ಯ ಬರಲಿ. ನಾನು ಬಲ್ಬನ್ನು ನೋಡುತ್ತಾ ಕೂತೆ. ಹನ್ನೊಂದು ನಿಮಿಷ.

ಬಾಗಿಲು ತೆರೆಯಿತು. ಬೂಟಿನ ತುಂಬ ಕೆಸರು ಮೆತ್ತಿಕೊಂಡು ತಪಾಸಣೆಯ ಹೆಂಗಸು ಬಂದಳು. ನೇರ ಕಿಟಕಿಗೆ ಹೋಗಿ ಹೊರಗೆ ನೋಡಿ ಕೇಳಿದಳು, "ಬಲ್ಬು ಹತ್ತಿಕೊಳ್ತಾ?"

"ಹತ್ತಿಲ್ಲ. ಹತ್ತಿಸೋಕೇ ಆಗ್ತಿಲ್ಲ ಇವರ ಕೈಲಿ" ಎಂದರು ಸಾಹೇಬರು.

"ಒಂದು ಸಲಾನೂ?"

"ಇಲ್ಲ ರೀ."

ಆಕೆ ಕೈಯೊರೆಸಿಕೊಂಡಳು. "ಅರ್ಧ ದಾರೀಲಿ ಕೇಬಲ್ಲಿನ ಗುಂಡಿ ಇದೆಯಲ್ಲ, ಅಲ್ಲಿ ನನ್ನದೊಂದು ಪೆಟ್ಟಿಗೆ ಕೂಡಿಸಿದ್ದೆ. ಇವರು ಬಂದ್ ಮಾಡಿದ ಕೂಡ್ಲೇ ಬೆಳಕನ್ನ ಹಿಡಿದು ನೋಡೋಕೆ ಶುರು ಮಾಡ್ದೆ. ಅದರ ಜೊತೆಗೆ, ಇವರು ಮೊದಲು ಕಳಿಸಿದ್ದ 'ಹಾಕು' ಅನ್ನೋ ಆಜ್ಞೆ ಕದ್ದಿಟ್ಕೊಂಡಿದ್ದೆ. ಅದನ್ನೇ ಮತ್ತೆ ಮತ್ತೆ ಕಳಿಸ್ತಾ ಇದ್ದೆ. ಮೂವತ್ತೇಳು ಸಲ. ನಾನು ಪರೀಕ್ಷೆ ಮಾಡಿದ ಬೇರೆ ಪೆಟ್ಟಿಗೆಗಳೆಲ್ಲ ಈ ಹೊತ್ತಿಗೆ ಹಳೇ ಕೀಲಿಗೆ ಮರಳಿರ್ತಾವೆ. ಮೊದಲನೇ ಸಲಕ್ಕೇ ಬಲ್ಬು ಹತ್ತುತ್ತೆ."

ಸಾಹೇಬರು ಎದ್ದು ಕಿಟಕಿಗೆ ಹೋಗಿ ಉರಿಯದ ಬಲ್ಬನ್ನು ನೋಡಿದರು. ಮಿಕ್ಕ ಐವರೂ ಎದ್ದು ಹೋಗಿ ನೋಡಿದರು.

"ಇದು ನಿಂತುಬಿಡಬೇಕು ಅಂತ ತೀರ್ಮಾನ ಮಾಡಿದ್ದು ಯಾರು?" ಎಂದಳು ಆಕೆ.

ಮೇಷ್ಟ್ರು ಮೆಣಸಿನ ಕಡೆ ಕೈ ತೋರಿದರು. ಮೆಣಸು ನನ್ನ ಕಡೆ ತೋರಿದಳು. ನಾನು ತೋರಿಸಬೇಕಾದವರು ಅಲ್ಲಿರಲಿಲ್ಲ. ಮನೆಯ ಗೋಡೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು.

ಪಾಸು. ಮೊದಲು ಹತ್ತು ಸಬ್‌ಸ್ಟೇಷನ್, ಆಮೇಲೆ ಎಲ್ಲವೂ. ಸಾಹೇಬರು ಮೆಣಸಿನ ಕೈ ಕುಲುಕಿ, "ನಿಲ್ಲೋದನ್ನ ಯಾರು ಕಲಿಸಿದ್ರಮ್ಮ?" ಎಂದರು. ಸೊಸೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ನರ್ಸುಗಳು ಗಟ್ಟಿಗಿತ್ತಿಯರು ಎನ್ನುವುದು ಸುಳ್ಳು.

ಹೊರಗೆ ಬಂದಾಗ ಆ ಲೈನ್‌ಮನ್ ಕಂಬದ ಬುಡದಲ್ಲಿ ನಿಂತಿದ್ದ. ಮೂವತ್ತು ದಾಟಿರಲಿಕ್ಕಿಲ್ಲ. ಎರಡೂ ಕೈ ಸೊಂಟದ ಮೇಲೆ.

"ಅಮ್ಮ, ಬಲ್ಬು ಇಳಿಸಲಾ?"

"ಕರೆಂಟು ಬಂದ್ ಆಗಿದೆಯಾ ಕೇಳ್ದೆಯಾ?"

"ಆಗಿದೆ ಅಮ್ಮ. ಇನ್ನು ಕದ್ದು ಹಾಕೋಕೆ ಯಾರ ಕೈಲೂ ಆಗಲ್ವಂತಲ್ಲ."

"ಆದ್ರೂ ಕೇಳು" ಎಂದೆ. ಅವನು ಒಳಗೆ ಹೋಗಿ ಕೇಳಿಕೊಂಡು ಬಂದು ಹತ್ತಿದ. ಅವನು ಇಳಿಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಕೊರಳಿನ ಚೀಟಿಯನ್ನು ಬಸ್ಸಿನಲ್ಲೂ ತೆಗೆಯಲಿಲ್ಲ. ದರ್ಜಿಯ ಹೆಂಡತಿ ಬಾಗಿಲಲ್ಲೇ ಇದ್ದಳು, ಪುಣ್ಯಕ್ಕೆ.

ಮಾರ್ಚ್ 31, ಮಂಗಳವಾರ

ಡಾಕ್ಟರು ಕೈ ತಿರುಗಿಸಿ ನೋಡಿ, ಇನ್ನು ಬರೆಯುವ ಅಗತ್ಯವಿಲ್ಲ ಎಂದರು. ನೋಡೋಣ.

ಬೆಳಿಗ್ಗೆ ಮೆಣಸು ಹೊಸ ಸಬ್‌ಸ್ಟೇಷನ್ನಿಗೆ ಹೊರಟಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಿಂತವಳು ತಿರುಗಿದಳು.

"ಅಜ್ಜಿ, ಇವತ್ತಿನದು?"

ನಾನು ಪಾತ್ರೆ ತಿಕ್ಕುತ್ತಿದ್ದೆ. ನೀರು ಹರಿಯುತ್ತಲೇ ಇತ್ತು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬಾಗಿಲಿಗೆ ಹೋಗಿ ಅವಳ ಕಿವಿಯಲ್ಲಿ ಹೇಳಿದೆ. ಅವಳು ಮೆಟ್ಟಿಲು ಇಳಿದು, ಬೀದಿಯ ತಿರುವಿನವರೆಗೂ ನಗುತ್ತಾ ಹೋದಳು.

ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಸೊಸೆ ಓದುತ್ತಾಳೆ. ಓದಲಿ, ಕೂದಲು ಇಡುವುದನ್ನು ಇವತ್ತು ಬಿಟ್ಟಿದ್ದೇನೆ. ಪದ ಮಾತ್ರ ಅವಳಿಗೆ ಸಿಗುವುದಿಲ್ಲ. ಸಂಜೆಗೆ ಅದು ಮುಗಿಯುತ್ತದೆ. ನಾಳೆಗೆ ಬೇರೆ ಯೋಚಿಸಿಟ್ಟಿದ್ದೇನೆ.